ನಮ್ಮ ನೂಲುವ ಕೂಟ

ನಮ್ಮ ನಾಡಿನ ಹಳೆಯ ಮನೆಗಳ ಅಟ್ಟವನ್ನು ಹತ್ತಿ ನೋಡಿದರೆ, ಒಡೆದ ತೊಟ್ಟಿಲು, ತೂತುಬಿದ್ದ ಕೊಡ, ತುಕ್ಕು ಹಿಡಿದ ಲಾಂದ್ರಗಳ ನಡುವೆ ಒಂದು ರಾಟೆಯು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಅದರ ಚಕ್ರದ ಹಲಗೆಗಳು ಸಡಿಲಗೊಂಡಿರುತ್ತವೆ, ಕದಿರು ಬಾಗಿರುತ್ತದೆ, ಚಕ್ರದ ದಾರವಂತೂ ಇಲಿಗಳ ಪಾಲಾಗಿ ಎಷ್ಟೋ ವರ್ಷಗಳಾಗಿರುತ್ತವೆ. ಕೇಳಿದರೆ ಮನೆಯವರು, "ಅದು ನಮ್ಮ ಅಜ್ಜಿಯದು" ಎನ್ನುತ್ತಾರೆ. ಒಲೆಗೆ ಹಾಕಲು ಮನಸ್ಸು ಬಾರದು. ಕೆಳಗಿಳಿಸಿ ನೂಲಲು ಕೈ ಬಾರದು. ಹೀಗೆ ಅದು ಗೌರವಕ್ಕೂ ಧೂಳಿಗೂ ಸಮನಾಗಿ ಪಾತ್ರವಾಗಿ ಅಲ್ಲಿಯೇ ಉಳಿಯುತ್ತದೆ.

ನಮ್ಮ ಮನೆಯಲ್ಲಿಯೂ ಅಂತಹ ಒಂದು ರಾಟೆಯಿತ್ತು. ಅದನ್ನು ನಾವು ಮೂರು ಬಾರಿ ಅಟ್ಟದಿಂದ ಇಳಿಸಿದೆವು. ಬಡಗಿಯಿಂದ ಚಕ್ರವನ್ನು ಬಿಗಿಗೊಳಿಸಿ, ಕಮ್ಮಾರನಿಂದ ಕದಿರನ್ನು ನೆಟ್ಟಗೆ ಮಾಡಿಸಿ, ಖಾದಿ ಭಂಡಾರದಿಂದ ಹಂಜಿಯನ್ನು ತಂದು ಶ್ರದ್ಧೆಯಿಂದಲೇ ಕುಳಿತೆವು. ಮೊದಲ ಉತ್ಸಾಹವು ನಾಲ್ಕು ದಿನ ಬಾಳಿತು; ಎರಡನೆಯದು ಒಂದು ವಾರ; ಮೂರನೆಯದು ಗಾಂಧಿ ಜಯಂತಿಯಿಂದ ದೀಪಾವಳಿಯವರೆಗೆ. ಪ್ರತಿ ಸಲವೂ ಎಳೆ ಹರಿದು ಹರಿದು, ಕಡೆಗೆ ತಾಳ್ಮೆಯೂ ಹರಿದು, ರಾಟೆಯು ಮತ್ತೆ ಅಟ್ಟವೇರಿತು. ನಮ್ಮ ಸೋಮಾರಿತನವೇ ಇದಕ್ಕೆ ಕಾರಣವೆಂದು ನಾವು ಬಹುಕಾಲ ನಂಬಿದ್ದೆವು. ಹಾಗಲ್ಲವೆಂಬುದು ಕಳೆದ ಎರಡು ವರ್ಷಗಳಲ್ಲಿ ನಮಗೆ ತಿಳಿದುಬಂದಿದೆ. ನೂಲುವುದು ಒಂಟಿಯಾಗಿ ಕಲಿಯುವ ವಿದ್ಯೆಯಲ್ಲ. ತಪ್ಪು ಎಲ್ಲಿದೆಯೆಂದು ತೋರಿಸುವ ಕಣ್ಣೊಂದು ಹತ್ತಿರದಲ್ಲಿ ಇಲ್ಲದಿದ್ದರೆ, ಕಲಿಯುವವರು ತಮ್ಮ ತಪ್ಪನ್ನೇ ದಿನದಿನವೂ ಅಭ್ಯಾಸ ಮಾಡುತ್ತಾ ಹೋಗುತ್ತಾರೆ. ಈ ಮಾತನ್ನು ವಾಚಕರಿಗೆ ತಿಳಿಸುವುದಕ್ಕಾಗಿಯೇ ಈ ಲೇಖನ.

ನಮ್ಮ ಕೂಟವು ಧಾರವಾಡದ ಹಳೆಯ ಓಣಿಯೊಂದರ ಮನೆಯ ಪಡಸಾಲೆಯಲ್ಲಿ ಸೇರುತ್ತದೆ. ಇದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ವಂತಿಗೆಯೂ ಇಲ್ಲ. ರವಿವಾರ ಮಧ್ಯಾಹ್ನ ಮೂರು ಗಂಟೆಗೆ ಜಮಖಾನೆ ಹಾಸಿದರೆ ಕೂಟವು ಪ್ರಾರಂಭವಾದಂತೆ. ಐದು ಗಂಟೆಗೆ ಚಹಾ, ಒಗ್ಗರಣೆ ಚುರುಮುರಿ ಬಂದರೆ ಮುಗಿದಂತೆ. ಮೊದಲ ದಿನ ಬಂದವರು ಐದೇ ಮಂದಿ. ಈಗ ಹನ್ನೆರಡು ಜನ ಸೇರುವುದುಂಟು. ಅವರಲ್ಲಿ ನಿವೃತ್ತ ಶಿಕ್ಷಕರೊಬ್ಬರು, ಅಕ್ಕಪಕ್ಕದ ಮನೆಗಳ ಸೊಸೆಯಂದಿರು, ಹೊಲಿಗೆಯ ಕೆಲಸದಿಂದ ಜೀವನ ಮಾಡುವ ಒಬ್ಬಾಕೆ, ಕಾಲೇಜಿನಲ್ಲಿ ಓದುವ ಒಬ್ಬ ಹುಡುಗ ಇದ್ದಾರೆ. ಇವರೆಲ್ಲರ ನಡುವೆ, ಗೋಡೆಗೆ ಒರಗಿ, ಕಾಲು ಚಾಚಿ ಕುಳಿತುಕೊಳ್ಳುವವರು ಎಂಬತ್ತೆರಡು ವಯಸ್ಸಿನ ಒಬ್ಬ ಮುದುಕಿ. ಅವರನ್ನು ಓಣಿಯವರೆಲ್ಲ ಆಯಿ ಎಂದು ಕರೆಯುತ್ತಾರೆ. ನಾವೂ ಹಾಗೆಯೇ ಕರೆಯುತ್ತೇವೆ.

ಕೂಟಕ್ಕೆ ಬರುವವರೆಲ್ಲರೂ ನೂಲುವವರಲ್ಲ. ಒಬ್ಬರು ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಮತ್ತೊಬ್ಬರು ಗೌರಿ ಹಬ್ಬಕ್ಕೆಂದು ಗೆಜ್ಜೆವಸ್ತ್ರ ಮಾಡುತ್ತಾರೆ, ಬತ್ತಿ ಹೊಸೆಯುತ್ತಾರೆ. ಇನ್ನೊಬ್ಬರು ಮೊಮ್ಮಗುವಿಗೆ ಉಣ್ಣೆಯ ಕುಲಾವಿ ಹೆಣೆಯುತ್ತಾರೆ. ಉಪಕರಣಗಳೂ ಹೀಗೆಯೇ ಬಗೆಬಗೆ: ಎರಡು ಹಳೆಯ ದೊಡ್ಡ ರಾಟೆಗಳು, ಗಾಂಧೀಜಿಯವರು ಯರವಡಾ ಸೆರೆಮನೆಯಲ್ಲಿದ್ದಾಗ ರೂಢಿಗೆ ತಂದ ಮಡಿಸುವ ಪೆಟ್ಟಿಗೆ ಚರಕ ಒಂದು, ತಕಲಿಗಳು ಆರೇಳು.

ಇಂತಹ ಕೂಟವು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ನೂಲು, ನಾರು, ಉಣ್ಣೆಗಳ ಕೆಲಸವೆಲ್ಲ ಹಿಂದಿನಿಂದಲೂ ಹಲವು ಕೈಗಳ ಕೆಲಸವೇ ಆಗಿತ್ತು. ಹತ್ತಿಯನ್ನು ಬಿಡಿಸಿದವರು ಒಬ್ಬರಾದರೆ, ಬೀಜ ತೆಗೆದವರು ಮತ್ತೊಬ್ಬರು, ಬಿಲ್ಲಿನ ನಾದದೊಡನೆ ಅರಳೆ ಹಿಂಜಿಕೊಟ್ಟವರು ಪಿಂಜಾರರು, ನೂತವರು ಮನೆಯ ಹೆಂಗಸರು, ನೆಯ್ದವರು ನೇಕಾರರು. ಕುರುಬರ ಮನೆಗಳಲ್ಲಿ ಹೆಂಗಸರು ಉಣ್ಣೆಯನ್ನು ನೂತು ಕೊಟ್ಟರೆ, ಗಂಡಸರು ಹುಣಸೆಬೀಜದ ಗಂಜಿಯನ್ನು ಬಳಿದು ಕಂಬಳಿ ನೇಯುತ್ತಿದ್ದರು. ಇಂದಿಗೂ ಕೆಲವು ಕಡೆಗಳಲ್ಲಿ ನೇಯುತ್ತಾರೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆಯೆಂಬಾಕೆಯು ನೂಲುವುದನ್ನೇ ತನ್ನ ಕಾಯಕವಾಗಿ ಮಾಡಿಕೊಂಡಿದ್ದಳು. ಆಕೆಯ ಹೆಸರಿನೊಡನೆಯೇ ಕದಿರು ಸೇರಿಕೊಂಡಿದೆ. ತನ್ನ ರಾಟೆಯ ಅಂಗಾಂಗಗಳನ್ನೇ ಆಕೆಯು ವಚನಕ್ಕೆ ವಸ್ತುವಾಗಿಸಿದಳು. ರಾಜರ ಹೆಸರುಗಳನ್ನು ಶಾಸನಗಳು ಉಳಿಸಿದುವು. ನೂಲುವಾಕೆಯೊಬ್ಬಳ ಹೆಸರನ್ನು ಎಂಟುನೂರು ವರ್ಷಗಳಿಗೂ ಮಿಗಿಲಾಗಿ ಉಳಿಸಿದುದು ಶರಣರ ಕೂಟವಲ್ಲವೆ?

ಬೇರೆ ದೇಶಗಳಲ್ಲಿಯೂ ಹೀಗೆಯೇ ನಡೆಯುತ್ತಿತ್ತು. ಜರ್ಮನಿಯ ಹಳ್ಳಿಗಳಲ್ಲಿ ಚಳಿಗಾಲದ ಸಂಜೆ ಹೆಣ್ಣುಮಕ್ಕಳು ಒಂದೇ ಮನೆಯಲ್ಲಿ ಕೂಡಿ ಅಗಸೆನಾರನ್ನು ನೂಲುತ್ತಿದ್ದರು. ಒಂದು ದೀಪದ ಎಣ್ಣೆಯಲ್ಲಿ ಹತ್ತು ಮನೆಯ ಕೆಲಸ ಸಾಗುತ್ತಿತ್ತು. ಕಥೆಗಳು ಒಬ್ಬರ ಬಾಯಿಂದ ಮತ್ತೊಬ್ಬರ ಕಿವಿಗೆ ದಾಟುತ್ತಿದ್ದುವು. ಅಮೆರಿಕದ ಈಶಾನ್ಯ ಭಾಗದ ವಸಾಹತುಗಳಲ್ಲಿ, ಇಂಗ್ಲೆಂಡು ಹೇರಿದ ಸುಂಕವನ್ನು ವಿರೋಧಿಸಿ ಜನರು ಅಲ್ಲಿಯ ಸರಕನ್ನು ತ್ಯಜಿಸಿದಾಗ, 1768ರಿಂದ 1770ರವರೆಗಿನ ಕಾಲದಲ್ಲಿ ಹೆಂಗಸರು ತಮ್ಮ ರಾಟೆಗಳನ್ನು ಹೊತ್ತುಕೊಂಡು ಪಾದ್ರಿಗಳ ಮನೆಗಳಲ್ಲಿ ನೆರೆದು, ದಿನವಿಡೀ ನೂತು, ಆ ನೂಲನ್ನು ಅಲ್ಲಿಯೇ ಕಾಣಿಕೆಯಾಗಿ ಒಪ್ಪಿಸಿ ಬರುತ್ತಿದ್ದರು. ನಮ್ಮ ದೇಶದಲ್ಲಿ ರಾಟೆಯು ಸ್ವರಾಜ್ಯದ ಕುರುಹಾಗುವುದಕ್ಕೆ ನೂರೈವತ್ತು ವರ್ಷ ಮುಂಚೆಯೇ ಮತ್ತೊಂದು ದೇಶದಲ್ಲಿ ಅದು ಅಂತಹ ಕೆಲಸವನ್ನು ಮಾಡಿತ್ತೆಂಬುದು ನೆನಪಿಡತಕ್ಕ ಸಂಗತಿ.

ನಮ್ಮ ಸೀಮೆಯಲ್ಲಿ ರಾಟೆಯು ಅಟ್ಟವೇರಿದ ಬಗೆಯನ್ನೂ ಇಲ್ಲಿ ಹೇಳಬೇಕು. ಧಾರವಾಡದ ಎರೆಭೂಮಿಯು ಹತ್ತಿಯ ತವರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಹೋಗದಂತಾದಾಗ, ಈ ಸೀಮೆಯ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂದಿತು. ಬಂಡಿಗಟ್ಟಲೆ ಅರಳೆಯು ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಹಡಗೇರಿತು. ಹತ್ತಿಯು ಹೊರಗೆ ಹೋಗುತ್ತಿತ್ತು. ಗಿರಣಿಯ ನೂಲೂ ಬಟ್ಟೆಯೂ ಒಳಗೆ ಬರುತ್ತಿದ್ದುವು. ಗಿರಣಿಯ ನೂಲು ಸಮವಾಗಿಯೂ ಅಗ್ಗವಾಗಿಯೂ ಇದ್ದುದರಿಂದ ನೇಕಾರರು ಅದನ್ನೇ ಹಿಡಿದರು. ಕೊಳ್ಳುವವರಿಲ್ಲದ ಮೇಲೆ ನೂಲುವವರು ಎಷ್ಟು ದಿನ ನೂತಾರು?

ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಈ ಅಟ್ಟದ ಮಾತನ್ನೇ ಹೇಳಿದ್ದಾರೆ. 1915ರಲ್ಲಿ ದಕ್ಷಿಣ ಆಫ್ರಿಕದಿಂದ ಅವರು ಹಿಂದಿರುಗಿದಾಗಲೂ ರಾಟೆಯೊಂದನ್ನು ಕಣ್ಣಾರೆ ಕಂಡಿರಲಿಲ್ಲವಂತೆ. ಅವರಿಗಾಗಿ ಹುಡುಕುತ್ತಾ ಹೊರಟ ಗಂಗಾಬೆನ್ ಮಜುಮ್‌ದಾರ್ ಎಂಬ ಮಹಿಳೆಯು ಬಡೋದೆ ಸಂಸ್ಥಾನದ ವಿಜಾಪುರದಲ್ಲಿ ಅದನ್ನು ಪತ್ತೆಮಾಡಿದರು. ಅಲ್ಲಿ ಎಷ್ಟೋ ಮನೆಗಳಲ್ಲಿ ರಾಟೆಗಳಿದ್ದುವು. ಆದರೆ ನಿರುಪಯೋಗವೆಂದು ಅಟ್ಟವನ್ನು ಸೇರಿದ್ದುವು. ಹಂಜಿಯನ್ನು ತಪ್ಪದೆ ಒದಗಿಸಿ, ನೂತುದನ್ನು ಕೊಳ್ಳುವುದಾದರೆ ಮತ್ತೆ ನೂಲಲು ಸಿದ್ಧವೆಂದು ಆ ಜನರು ಹೇಳಿದರಂತೆ. ಈ ಮಾತಿನಲ್ಲಿ ದೊಡ್ಡ ಅರ್ಥವಿದೆ. ರಾಟೆಯೊಂದೇ ತಿರುಗಲಾರದು, ಅದರ ಒಂದು ಕಡೆ ಹಂಜಿ ಕೊಡುವವರೂ ಮತ್ತೊಂದು ಕಡೆ ನೂಲನ್ನು ಬೇಡುವವರೂ ಇರಬೇಕು.

1924ನೆಯ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ಸೇರಿತು. ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು. ಕಾಂಗ್ರೆಸ್ಸಿನ ಸದಸ್ಯರಾಗಬೇಕಾದವರು ಚಂದಾಹಣಕ್ಕೆ ಬದಲಾಗಿ ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕೆಂಬ ನಿಯಮವು ಅಲ್ಲಿ ಅಂಗೀಕೃತವಾಯಿತು. ದಿನಕ್ಕೆ ಅರ್ಧ ಗಂಟೆಯಂತೆ ತಿಂಗಳಿಗೆ ಹದಿನೈದು ಗಂಟೆ ಕುಳಿತು, ಗಂಟೆಗೆ 135 ಗಜದಷ್ಟು ನೂತರೂ ಈ ಲೆಕ್ಕವು ತುಂಬುತ್ತದೆ. ತಕಲಿ ಹಿಡಿದ ಅಭ್ಯಾಸಿಗೆ ಅದು ದುಸ್ಸಾಧ್ಯವಲ್ಲ. ಆದರೂ ನಿಯಮವು ನಿಲ್ಲಲಿಲ್ಲ. 1925ನೆಯ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಅದನ್ನು ಸಡಿಲಗೊಳಿಸಿ, ನೂಲಾಗಲಿ ಹಣವಾಗಲಿ ಕೊಡಬಹುದೆಂದು ಮಾಡಿದರು. ನೂಲುವ ಕಾರ್ಯಕ್ಕೆಂದೇ ಅಖಿಲ ಭಾರತ ಚರಕಾ ಸಂಘವು ಅಲ್ಲಿಯೇ ಹುಟ್ಟಿತು. ದೊಡ್ಡ ದೊಡ್ಡ ನಾಯಕರಿಗೂ ದಿನದ ಅರ್ಧ ಗಂಟೆಯು ಭಾರವಾಯಿತೆಂಬುದನ್ನು ಓದಿದಾಗ, ಮೂರು ಸಲ ಸೋತ ನಮ್ಮ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಆದರೆ ನಿಯಮದಿಂದ ನಿಲ್ಲದುದು ಕೂಟದಿಂದ ನಿಂತಿತು. ಆಶ್ರಮಗಳಲ್ಲಿಯೂ ಶಾಲೆಗಳಲ್ಲಿಯೂ ಜನರು ಸಾಲಾಗಿ ಕುಳಿತು ಒಂದೇ ಹೊತ್ತಿನಲ್ಲಿ ನೂಲುವುದು ಸೂತ್ರಯಜ್ಞವೆನಿಸಿಕೊಂಡಿತು. ಅಕ್ಟೋಬರ್ 2ರಂದು ಇಂದಿಗೂ ಹಲವು ಕಡೆಗಳಲ್ಲಿ ಅದು ನಡೆಯುತ್ತದೆ. ಗಾಂಧೀಜಿಯವರ ತರುವಾಯ ವಿನೋಬಾ ಅವರು, ಪ್ರತಿಯೊಬ್ಬರೂ ವರ್ಷಕ್ಕೆ ತಾವೇ ನೂತ ಒಂದು ಲಡಿಯನ್ನಾದರೂ ಅರ್ಪಿಸಬೇಕೆಂದು ಕೇಳಿದರು. ಅದಕ್ಕೆ ಸೂತಾಂಜಲಿಯೆಂದು ಹೆಸರು. ನಾಲ್ಕು ಅಡಿ ಸುತ್ತಳತೆಯ ಚೌಕಟ್ಟಿಗೆ 640 ಸುತ್ತು ಸುತ್ತಿದರೆ ಒಂದು ಲಡಿ. ಎಂದರೆ 2560 ಅಡಿ, ಸುಮಾರು 853 ಗಜ. ನಮ್ಮ ಕೂಟದ ಲೆಕ್ಕವೆಲ್ಲ ಈ ಲಡಿಯಲ್ಲಿಯೇ ನಡೆಯುತ್ತದೆ.

ಇನ್ನು ಕೆಲಸದ ವಿಷಯ. ನೂಲುವುದೆಂದರೆ ಹಂಜಿಯಿಂದ ಎಳೆಯನ್ನು ಎಳೆಯುವುದೆಂದೇ ನಾವು ತಿಳಿದಿದ್ದೆವು. ತಪ್ಪು ಇದ್ದುದು ಇಲ್ಲಿಯೇ. ಮೊದಲ ರವಿವಾರ ನಾವು ಎಡಗೈಯಲ್ಲಿ ಹಂಜಿಯನ್ನು ಬಿಗಿಯಾಗಿ ಹಿಡಿದು, ಬಲಗೈಯಿಂದ ಚಕ್ರವನ್ನು ರಭಸವಾಗಿ ತಿರುಗಿಸುತ್ತಿದ್ದೆವು. ಎಳೆಯು ಒಂದು ಮೊಳ ಬಂದು ಹರಿಯುತ್ತಿತ್ತು. ಆಯಿಯು ಬಹಳ ಹೊತ್ತು ನೋಡುತ್ತಿದ್ದು, ಹತ್ತಿರಕ್ಕೆ ಸರಿದು, ನಮ್ಮ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದರು. "ಕೈ ಬಿಗೀಬ್ಯಾಡ. ಹತ್ತಿ ತಾನ ಬರ್ತದ, ನೀ ಬರಗೊಡು ಅಷ್ಟ" ಎಂದರು.

ಆ ಮಾತಿನ ಶಾಸ್ತ್ರವು ನಮಗೆ ಆಮೇಲೆ ತಿಳಿಯಿತು. ಹತ್ತಿಯ ಒಂದೊಂದು ನಾರೂ ಒಂದು ಅಂಗುಲದ ಆಸುಪಾಸಿನದು. ನಮ್ಮ ಸೀಮೆಯ ಜವಾರಿ ಹತ್ತಿಯದು ಅದಕ್ಕೂ ಗಿಡ್ಡ. ಇಂತಹ ಗಿಡ್ಡ ನಾರುಗಳು ಸೇರಿ ನೂರಾರು ಗಜದ ಎಳೆಯಾಗುವುದು ಹುರಿಯಿಂದ. ಹುರಿಯು ನಾರುಗಳನ್ನು ಒಂದಕ್ಕೊಂದು ಒತ್ತಿ ಹಿಡಿಸುತ್ತದೆ. ಆದರೆ ಹುರಿ ಬೀಳುವುದಕ್ಕೆ ಮುಂಚೆ ನಾರುಗಳು ಒಂದರ ಮೇಲೊಂದು ಜಾರಿ ತೆಳುವಾಗಬೇಕು. ಕೈ ಬಿಗಿದರೆ ಜಾರುವುದಿಲ್ಲ. ತೀರ ಸಡಿಲಬಿಟ್ಟರೆ ಹುರಿಯು ಹಂಜಿಯೊಳಕ್ಕೇ ಓಡಿ ಗಂಟಾಗುತ್ತದೆ. ಕದಿರಿನ ತುದಿಗೆ ಓರೆಯಾಗಿ ಎಳೆಯನ್ನು ಹಿಡಿದರೆ, ಪ್ರತಿ ಸುತ್ತಿಗೂ ಅದು ತುದಿಯಿಂದ ಜಾರಿ ಒಂದು ಹುರಿ ಏರುತ್ತದೆ. ತೋಳು ಚಾಚುವಷ್ಟು ಎಳೆಯಾದ ಮೇಲೆ ಚಕ್ರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ತುದಿಯ ಸುತ್ತುಗಳನ್ನು ಬಿಚ್ಚಿ, ಎಳೆಯನ್ನು ಕದಿರಿಗೆ ಅಡ್ಡಲಾಗಿ ಹಿಡಿದರೆ ಅದು ಸುತ್ತಿಕೊಳ್ಳುತ್ತದೆ. ಬರೆದರೆ ನಾಲ್ಕು ವಾಕ್ಯ; ಕೈಗೆ ಬರಲು ನಮಗೆ ಮೂರು ತಿಂಗಳು ಹಿಡಿಯಿತು. ಯಾವ ಪುಸ್ತಕವೂ ನಮ್ಮ ಬೆರಳನ್ನು ಹಿಡಿದು ಸಡಿಲಿಸಲಾರದು.

ಆಯಿಯ ಕಥೆಯೂ ವಿಶೇಷವೇ. ಬಾಲ್ಯದಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ನೂಲಲು ಕಲಿತ ಅವರು, ಮದುವೆಯಾಗಿ ಬಂದ ಮನೆಯಲ್ಲಿ ರಾಟೆ ಇಲ್ಲದ್ದರಿಂದ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಅದನ್ನು ಮುಟ್ಟಿರಲಿಲ್ಲ. ಕೂಟಕ್ಕೆ ಅವರು ಬಂದುದು ನೂಲಲಿಕ್ಕಲ್ಲ, ಹೊತ್ತು ಕಳೆಯಲಿಕ್ಕೆ. ರಾಟೆಯ ಮುಂದೆ ಕೂಡಿಸಿದಾಗ, "ಮರ್ತ ಹೋಗೇತಿ" ಎಂದು ನಗುತ್ತಾ ಕೈ ಹಾಕಿದರು. ಮೊದಲ ಎಳೆ ಹರಿಯಿತು, ಎರಡನೆಯದೂ ಹರಿಯಿತು. ಮೂರನೆಯದು ಅವರ ತೋಳಿನುದ್ದಕ್ಕೂ ಸದ್ದಿಲ್ಲದೆ ಬಂದಿತು. ಆಗ ಅವರು ನಗುವುದನ್ನು ನಿಲ್ಲಿಸಿದರು. ಪಡಸಾಲೆಯಲ್ಲಿದ್ದ ನಾವೆಲ್ಲರೂ ಮಾತು ನಿಲ್ಲಿಸಿದೆವು. ಬಾಯಿಗೆ ಮರೆತುಹೋದುದನ್ನು ಕೈ ಮರೆತಿರಲಿಲ್ಲ.

1925ರಲ್ಲಿ ರವೀಂದ್ರನಾಥ ಠಾಕೂರರು ಚರಕದ ವ್ರತವನ್ನು ಟೀಕಿಸಿ ಒಂದು ಲೇಖನವನ್ನು ಬರೆದರು. ಎಲ್ಲರೂ ಒಂದೇ ಕೆಲಸವನ್ನು ಯಂತ್ರದಂತೆ ಮತ್ತೆ ಮತ್ತೆ ಮಾಡುವುದರಿಂದ ಮನುಷ್ಯನ ಬುದ್ಧಿಯು ಜಡವಾಗುತ್ತದೆಂಬುದು ಅವರ ಶಂಕೆಯ ಸಾರ. ಅಂತಹ ಮಹನೀಯರ ಮಾತನ್ನು ತಳ್ಳಿಹಾಕುವಷ್ಟು ದೊಡ್ಡವರು ನಾವಲ್ಲ. ಆಜ್ಞೆಯಿಂದ ನೂತರೆ ಹಾಗಾಗುವುದೂ ಉಂಟು. ಆದರೆ ನಮ್ಮ ಪಡಸಾಲೆಯಲ್ಲಿ ಕಂಡುದು ಬೇರೆ. ಕೈಗೆ ಒಂದು ಲಯ ಬಂದ ಮೇಲೆ ನಾಲಗೆಗೆ ಬಿಡುವು ಸಿಕ್ಕುತ್ತದೆ. ಎದುರೆದುರು ಕುಳಿತು ಹೇಳಲಾರದ ಮಾತನ್ನು, ಕಣ್ಣು ಎಳೆಯ ಮೇಲಿರುವಾಗ ಹೇಳಬಹುದು. ಸೊಸೆಯೊಬ್ಬಳು ತನ್ನ ಅತ್ತೆಯ ಎದುರಿನಲ್ಲಿಯೇ, ಮುಂದೆ ಓದಬೇಕೆಂಬ ಆಸೆಯನ್ನು ಮೊದಲ ಸಲ ಬಾಯಿಬಿಟ್ಟುದು ಇಲ್ಲಿ. ಅತ್ತೆಯು ಬತ್ತಿ ಹೊಸೆಯುತ್ತಾ ಒಂದೆರಡು ನಿಮಿಷ ಸುಮ್ಮನಿದ್ದು, "ಫೀ ಎಷ್ಟಾಕ್ಕದ?" ಎಂದು ಮಾತ್ರ ಕೇಳಿದರು. ಆಕೆ ಈಗ ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ.

ಕೂಟವೆಂದ ಮೇಲೆ ಕಹಿ ಪ್ರಸಂಗಗಳೂ ಇಲ್ಲದಿಲ್ಲ. ಎಂಟು ತಿಂಗಳು ನೂತ ಮೇಲೆ ನಮ್ಮಲ್ಲಿ ಮೂವತ್ತಕ್ಕೂ ಹೆಚ್ಚು ಲಡಿಗಳಾಗಿದ್ದುವು. ಅದರಿಂದ ನಾಲ್ಕು ಟವಲುಗಳನ್ನಾದರೂ ನೇಯಿಸಬೇಕೆಂದು ಉತ್ಸಾಹದಿಂದ ಸಮೀಪದ ಹಳ್ಳಿಯ ನೇಕಾರರೊಬ್ಬರಲ್ಲಿಗೆ ಒಯ್ದೆವು. ಅವರು ಒಂದು ಲಡಿಯನ್ನು ಬಿಚ್ಚಿ, ಎಳೆಯನ್ನು ಬೆರಳುಗಳ ನಡುವೆ ಎಳೆದು ನೋಡಿದರು, ಎರಡನೆಯದನ್ನು ನೋಡಿದರು, ಮೂರನೆಯದನ್ನು ಬಿಚ್ಚಲಿಲ್ಲ. "ತಪ್ಪ ತಿಳೀಬ್ಯಾಡ್ರಿ. ಇದು ಹಾಸಿನ್ಯಾಗ ನಿಲ್ಲೂದಿಲ್ಲ" ಎಂದು ಗಂಟನ್ನು ಹಿಂದಕ್ಕೆ ಕೊಟ್ಟರು. ಬರುವಾಗ ಬಸ್ಸಿನಲ್ಲಿ ನಾವು ಯಾರೂ ಮಾತನಾಡಲಿಲ್ಲ.

ಹಾಸು ಹೊಕ್ಕು ಎಂಬ ಮಾತನ್ನು ನಾವೆಲ್ಲರೂ ದಿನವೂ ಆಡುತ್ತೇವೆ. ಅದರ ಭೇದವು ನಮಗೆ ಅಂದು ತಿಳಿಯಿತು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಲಾಳಿಯೊಡನೆ ಅಡ್ಡಲಾಗಿ ಓಡುವುದು ಹೊಕ್ಕು. ಹಾಸಿನ ಎಳೆಯು ಯಾವಾಗಲೂ ಎಳೆತದಲ್ಲಿರುತ್ತದೆ. ಮೇಲೆ ಕೆಳಗೆ ಏರಿಳಿಯುತ್ತದೆ. ಹಣಿಗೆಯ ಪ್ರತಿಯೊಂದು ಪೆಟ್ಟಿಗೂ ಉಜ್ಜಿಕೊಳ್ಳುತ್ತದೆ. ಅದು ಸಮವಾಗಿ, ಸಾಕಷ್ಟು ಹುರಿಯುಳ್ಳದ್ದಾಗಿ ಇಲ್ಲದಿದ್ದರೆ ಹೆಜ್ಜೆಹೆಜ್ಜೆಗೂ ಹರಿದು ನೇಕಾರನ ದಿನವನ್ನೇ ಹಾಳುಮಾಡುತ್ತದೆ. ಹೊಕ್ಕಿಗೆ ಇಷ್ಟು ಕಷ್ಟವಿಲ್ಲ. ಅದು ಹೋಗಿ ಮಲಗಿಬಿಡುತ್ತದೆ. ಖಾದಿಯ ಮೊದಮೊದಲ ದಿನಗಳಲ್ಲಿ ಗಿರಣಿಯ ನೂಲನ್ನು ಹಾಸಿಗೂ ಕೈನೂಲನ್ನು ಹೊಕ್ಕಿಗೂ ಬಳಸುತ್ತಿದ್ದುದು ಇದೇ ಕಾರಣದಿಂದ. ನಮ್ಮ ನೂಲಿನ ದೋಷಕ್ಕಾಗಿ ನಾವು ನೇಕಾರರ ಮೇಲೆ ಮುನಿಯುವುದು ನ್ಯಾಯವಾಗಿರಲಿಲ್ಲ. ನೂಲುವವರ ಅಲಕ್ಷ್ಯವನ್ನು ತೀರಿಸುವವರು ನೇಯುವವರಲ್ಲವೆ?

ಮುಂದಿನ ರವಿವಾರ ಐದೇ ಮಂದಿ ಬಂದರು. ನಿವೃತ್ತ ಶಿಕ್ಷಕರು ಲೆಕ್ಕವನ್ನು ಮುಂದಿಟ್ಟರು. 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆಯೋ ಅಷ್ಟು ಆ ನೂಲಿನ ನಂಬರು. 20 ನಂಬರಿನ ನೂಲಾದರೆ ಪೌಂಡಿಗೆ 16,800 ಗಜ. ಗಂಟೆಗೆ 300 ಗಜ ನೂಲುವ ಒಳ್ಳೆಯ ಕೈಗೂ ಒಂದು ಪೌಂಡು ನೂಲಲು 56 ಗಂಟೆ ಬೇಕು. "ಇಷ್ಟು ಹೊತ್ತಿನಲ್ಲಿ ಬೇರೆ ಏನನ್ನಾದರೂ ಮಾಡಿ ಗಳಿಸಿದ ಹಣದಿಂದ ಎಷ್ಟು ಟವಲು ಕೊಳ್ಳಬಹುದು?" ಎಂದು ಅವರು ಕೇಳಿದರು. ಗೃಹಸ್ಥರು ಕೇಳತಕ್ಕ ಪ್ರಶ್ನೆಯೇ ಅದು. ಇದಕ್ಕೆ ಲಾಭದ ಉತ್ತರವಿಲ್ಲವೆಂಬುದನ್ನು ನಾವು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಬಿಡುವಿನ ವೇಳೆಯಲ್ಲಿ ನೂತು ಹಣ ಉಳಿಸಬಹುದೆಂದು ಯಾರಾದರೂ ನಮ್ಮ ಬಳಿ ಬಂದರೆ ಅವರನ್ನು ನಾವು ಮೋಸಗೊಳಿಸಲಾರೆವು.

ಉತ್ತರವನ್ನು ಕೊಟ್ಟವನು ಕಾಲೇಜಿನ ಹುಡುಗ. "ಆಯಿ ಅವರ ನೂಲನ್ನು ಬೇರೆ ಇಟ್ಟಿದ್ದರೆ ನೇಕಾರರು ಹಿಂದಿರುಗಿಸುತ್ತಿದ್ದರೇ?" ಎಂದು ಅವನು ಕೇಳಿದನು. ಎಲ್ಲರ ಲಡಿಗಳನ್ನೂ ಒಟ್ಟಿಗೆ ಗಂಟುಕಟ್ಟಿದ್ದುದರಿಂದ ಒಳ್ಳೆಯದೂ ಕೆಟ್ಟದೂ ಬೆರೆತುಹೋಗಿತ್ತು. ಬಿಚ್ಚಿ ನೋಡಿದೆವು. ಆಯಿಯ ಲಡಿಗಳು ನಾಲ್ಕು ಇದ್ದುವು; ಎಳೆದು ನೋಡಿದರೆ ಹರಿಯಲೊಲ್ಲವು. ಅಂದಿನಿಂದ ಕೂಟದ ಕ್ರಮವೇ ಬದಲಾಯಿತು. ಪ್ರತಿ ಲಡಿಗೂ ನೂತವರ ಹೆಸರಿನ ಚೀಟಿಯನ್ನು ಕಟ್ಟಿದೆವು. ಒಂದು ಗೇಣು ಎಳೆಯನ್ನು ಸಡಿಲಬಿಟ್ಟು ನೋಡುವ ಪರೀಕ್ಷೆಯನ್ನು ಆಯಿ ಕಲಿಸಿದರು. ತನ್ನಷ್ಟಕ್ಕೆ ಮುರುಟಿಕೊಂಡರೆ ಹುರಿಯುಂಟು, ಸುಮ್ಮನೆ ಜೋತುಬಿದ್ದರೆ ಇಲ್ಲ. ಶಿಕ್ಷಕರು ಸಣ್ಣ ತಕ್ಕಡಿಯನ್ನು ತಂದರು. 640 ಸುತ್ತಿನ ಲಡಿಯು ಸುಮಾರು 23 ಗ್ರಾಂ ತೂಗಿದರೆ 20 ನಂಬರು, 46 ಗ್ರಾಂ ತೂಗಿದರೆ 10 ನಂಬರು. ಲೆಕ್ಕ ಕೇಳಿದವರೇ ಲೆಕ್ಕ ಬರೆಯುವವರಾದರು.

ಆ ವರ್ಷ ಚಳಿಗಾಲದಲ್ಲಿ ಆಯಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಎರಡು ತಿಂಗಳು ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಕೂಟವು ಅವರ ಮನೆಗೇ ಹೋಯಿತು. ಮಂಚದ ಸುತ್ತ ನೆಲದ ಮೇಲೆ ಕುಳಿತು ನಾವು ನೂಲುತ್ತಿದ್ದೆವು. ಅವರು ಕಣ್ಣು ಮುಚ್ಚಿಕೊಂಡೇ ಚಕ್ರದ ಸದ್ದಿನಿಂದ ತಪ್ಪನ್ನು ಹೇಳುತ್ತಿದ್ದರು. "ಯಾರದದು, ಓಡಸ್ಲಿಕ್ಕತ್ತೀರಿ?" ಎಂದರೆ ಯಾರೋ ಒಬ್ಬರು ರಭಸವನ್ನು ಕಡಿಮೆ ಮಾಡುತ್ತಿದ್ದರು. ಎದ್ದು ಕುಳಿತುಕೊಳ್ಳುವಂತಾದ ದಿನ ಅವರು ಮೊದಲು ಕೇಳಿದುದು ರಾಟೆಯನ್ನು. ನಾಲ್ಕು ಟವಲುಗಳ ಹಾಸಿಗೆ, ಮಗ್ಗದಲ್ಲಿ ವ್ಯರ್ಥವಾಗುವುದನ್ನೂ ಸೇರಿಸಿ, ಹದಿನಾಲ್ಕು ಲಡಿ ಬೇಕೆಂದು ನೇಕಾರರು ಹೇಳಿದ್ದರು. ಉಳಿದ ಹತ್ತು ಲಡಿಗಳನ್ನು ಆಯಿಯು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಯುಗಾದಿಯ ವೇಳೆಗೆ ನೂತು ಮುಗಿಸಿದರು.

ಈ ಸಲ ನೇಕಾರರು ಮೂರನೆಯ ಲಡಿಯನ್ನೂ ಬಿಚ್ಚಿ ನೋಡಿದರು. ಯಾರು ನೂತುದೆಂದು ಕೇಳಿದರು. ಹೇಳಿದೆವು. ಅವರು ಏನನ್ನೂ ಹೇಳದೆ ಅದನ್ನು ಒಳಗೆ ತೆಗೆದುಕೊಂಡು ಹೋದರು.

ಇಂತಹ ಕೂಟವನ್ನು ತಮ್ಮ ಓಣಿಯಲ್ಲಿ ಪ್ರಾರಂಭಿಸಬೇಕೆನ್ನುವ ವಾಚಕರಿಗೆ ನಮ್ಮ ಅನುಭವದ ನಾಲ್ಕು ಮಾತುಗಳಿವು. ವಾರವನ್ನೂ ವೇಳೆಯನ್ನೂ ಎಂದಿಗೂ ಬದಲಿಸಬಾರದು. ಇಬ್ಬರೇ ಬಂದರೂ ಜಮಖಾನೆ ಹಾಸಬೇಕು. ಕಲಿಯುವವರಿಗೆ ಮೊದಲು ತಕಲಿಯನ್ನು ಕೊಡಬೇಕು. ಅದು ಅಗ್ಗವೂ ಅಹುದು, ತಪ್ಪನ್ನು ತಡಮಾಡದೆ ತೋರಿಸುವುದೂ ಅಹುದು. ಬೇಸಿಗೆಯ ಒಣಗಾಳಿಯಲ್ಲಿ ಎಳೆಯು ಹೆಚ್ಚಾಗಿ ಹರಿಯುವುದರಿಂದ ಆ ತಿಂಗಳುಗಳಲ್ಲಿ ಬೆಳಗಿನ ತಂಪಿನಲ್ಲಿ ನೂಲುವುದು ಲೇಸು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಓಣಿಯ ಅತ್ಯಂತ ಹಿರಿಯ ಹೆಂಗಸರನ್ನು ಮೊದಲ ದಿನವೇ ಕರೆತರಬೇಕು. ತಮಗೇನೂ ಬಾರದೆಂದು ಅವರು ಹೇಳುತ್ತಾರೆ, ಅದನ್ನು ನಂಬಬಾರದು. ಅವರ ಕೈಯಲ್ಲಿರುವ ವಿದ್ಯೆಯು ಅವರೊಡನೆಯೇ ಹೊರಟುಹೋಗತಕ್ಕದ್ದು. ಅದನ್ನು ಪಡೆದುಕೊಳ್ಳಲು ನಮಗಿರುವ ರವಿವಾರಗಳು ಎಣಿಕೆಯವು.

ಟವಲುಗಳು ಜ್ಯೇಷ್ಠ ಮಾಸದಲ್ಲಿ ಬಂದುವು. ಮಿಲ್ಲಿನ ಟವಲಿನಷ್ಟು ನುಣುಪಿಲ್ಲ. ಅಲ್ಲಲ್ಲಿ ಹೊಕ್ಕಿನ ಗಂಟುಗಳು ಬೆರಳಿಗೆ ತಗಲುತ್ತವೆ. ಯಾವ ಗಂಟು ಯಾರದೆಂದು ನಾವು ಪರಸ್ಪರ ಹಾಸ್ಯ ಮಾಡಿದೆವು. ಒಂದು ಟವಲನ್ನು ನೇಕಾರರಿಗೆ ಕೊಟ್ಟೆವು. ಒಂದನ್ನು ಜಮಖಾನೆ ಹಾಸುವ ಮನೆಯವರಿಗೆ. ಒಂದನ್ನು ಓದಲು ಹೊರಟ ಸೊಸೆಗೆ. ನಾಲ್ಕನೆಯದನ್ನು ಆಯಿಯ ಮಡಿಲಲ್ಲಿಟ್ಟೆವು. ಅವರು ಅದನ್ನು ಬಿಡಿಸಿ, ಉದ್ದಕ್ಕೂ ಅಡ್ಡಕ್ಕೂ ಕೈಯಾಡಿಸಿ, "ಹಾಸು ನಂದು, ಹೊಕ್ಕು ನಿಮ್ದು" ಎಂದರು. ಬಳಿಕ ಅದನ್ನು ಮಡಿಸಿ ಪಕ್ಕಕ್ಕಿಟ್ಟು, ಹುಡುಗನ ಕಡೆಗೆ ತಿರುಗಿ, ಬರುವ ವರ್ಷದ ಹಾಸಿನಲ್ಲಿ ಅವನ ಲಡಿಗಳೂ ಇರಬೇಕೆಂದು ಹೇಳಿ, ಅವನ ಎಳೆಯನ್ನು ನೋಡಲು ಕೈಚಾಚಿದರು.